ಆಷಾಢಕ್ಕೆ ಮುಂಚೆ ಇಳಿದ ಬಾಡಿಗೆ: ಒಬ್ಬ ಬ್ರೋಕರ್ ಸೇವೆಯ ವಿಮರ್ಶೆ

ಬೆಂಗಳೂರಿನ ಶ್ರೀನಗರ, ಹನುಮಂತನಗರ, ಗಿರಿನಗರದ ಸುತ್ತಮುತ್ತ ಬಾಡಿಗೆ ಮನೆ ತೋರಿಸುವ ಒಬ್ಬ ಬ್ರೋಕರ್ ಅವರ ಸೇವೆಯನ್ನು 2025ರ ಮೇ ಮತ್ತು ಜೂನ್ ತಿಂಗಳಲ್ಲಿ ನಾನು ಪಡೆದೆ. ಮನೆ ತೋರಿಸುವ ಕೆಲಸವನ್ನು ಯಾವ ಬ್ರೋಕರ್ ಆದರೂ ಮಾಡುತ್ತಾರೆ. ನಾನು ಅವರಿಗೆ ಮುಖ್ಯವಾಗಿ ವಹಿಸಿದ್ದು ಮಾಲೀಕರೊಡನೆ ಮಾತನಾಡಿ ಬಾಡಿಗೆ ಇಳಿಸಿಕೊಡುವ ಕೆಲಸವನ್ನು. 28,000 ರೂಪಾಯಿ ಹೇಳಿದ್ದ ಮನೆ 25,500ಕ್ಕೆ ಸಿಕ್ಕಿತು, ಎರಡೂವರೆ ಲಕ್ಷ ಕೇಳಿದ್ದ ಅಡ್ವಾನ್ಸ್ ಒಂದೂವರೆ ಲಕ್ಷಕ್ಕೆ ನಿಂತಿತು. ಇಷ್ಟನ್ನೇ ಹೇಳಿದರೆ ಸೇವೆ ಚೆನ್ನಾಗಿತ್ತು ಎಂದಾಗುತ್ತದೆ, ಬಹುಪಾಲು ಅದು ನಿಜವೂ ಹೌದು. ಆದರೆ ಇದೇ ವ್ಯಕ್ತಿ ನನ್ನ ಹಳೆಯ ಮನೆಯ ವಿಷಯದಲ್ಲಿ ಬಾಯಿ ಬಿಡಲು ಒಪ್ಪಲಿಲ್ಲ, ಹೊಸ ಮನೆಯ ಕರಾರು ಪತ್ರದಲ್ಲಿ ಆಡಿದ ಮಾತಿಗೆ ವಿರುದ್ಧವಾದ ಮೂರು ಷರತ್ತುಗಳನ್ನು ಹಾಗೆಯೇ ಬಿಟ್ಟಿದ್ದರು. ಅದನ್ನೂ ಸೇರಿಸಿ ಹೇಳದಿದ್ದರೆ, ಇದನ್ನು ಓದಿ ಇಂಥವರ ಬಳಿ ಹೋಗುವವರಿಗೆ ಅನ್ಯಾಯವಾಗುತ್ತದೆ. ಅವರ ಹೆಸರನ್ನಾಗಲಿ ಅಂಗಡಿಯ ಗುರುತನ್ನಾಗಲಿ ಇಲ್ಲಿ ಹೇಳುವುದಿಲ್ಲ.

ಮೊದಲು ಹಳೆಯ ಮನೆಯ ವಿಷಯ. ಕತ್ರಿಗುಪ್ಪೆಯಲ್ಲಿ ಮೂರನೆಯ ಮಹಡಿಯ ಪೋರ್ಷನ್ ಒಂದರಲ್ಲಿ ನಾವು ಐದು ವರ್ಷ ಇದ್ದೆವು. ಬಾಡಿಗೆ 22,000 ಇತ್ತು. ಕರಾರು ನವೀಕರಿಸುವ ಹೊತ್ತಿಗೆ ಮಾಲೀಕರು ಶೇ. 10ರಷ್ಟು ಏರಿಸಿ 24,200 ಕೇಳಿದರು, ನಾನು ಶೇ. 5 ಸಾಕು, 23,100 ಕೊಡುತ್ತೇನೆ ಎಂದೆ. ಮಾತು ಮುಂದೆ ಸಾಗಲಿಲ್ಲ. ಆ ಮನೆಯನ್ನು ನಮಗೆ ಕೊಡಿಸಿದ್ದು ಇದೇ ಬ್ರೋಕರ್ ಆದ್ದರಿಂದ, ನಮ್ಮ ಪರವಾಗಿ ಒಂದು ಮಾತು ಹೇಳಿ, ಅದಕ್ಕೂ ಶುಲ್ಕ ಕೊಡುತ್ತೇನೆ ಎಂದು ಕೇಳಿಕೊಂಡೆ. ಅವರು ನೇರವಾಗಿಯೇ ಉತ್ತರಿಸಿದರು: “ಸಾರ್, ಅವರ ಇನ್ನೂ ಮೂರು ಮನೆ ನನ್ನ ಹತ್ರ ಇವೆ. ನಿಮ್ಮ ಪರ ಮಾತಾಡಿದ್ರೆ ನಾಳೆ ನನಗೆ ಬೀಗದ ಕೈ ಕೊಡಲ್ಲ. ಮನೆ ಬದಲಾಯಿಸ್ತೀನಿ ಅಂದ್ರೆ ಹೇಳಿ, ಬೇರೆ ತೋರಿಸ್ತೀನಿ.” ಆಗ ಬೇಸರವಾಯಿತು. ಈಗ ಯೋಚಿಸಿದರೆ, ಈ ಸೇವೆಯ ಮಿತಿಯನ್ನು ಅವರು ಆ ಒಂದು ಮಾತಿನಲ್ಲೇ ತಿಳಿಸಿಬಿಟ್ಟಿದ್ದರು ಎನ್ನಿಸುತ್ತದೆ. ಬಾಡಿಗೆದಾರ ಬ್ರೋಕರ್ ಬಳಿಗೆ ಕೆಲವು ವರ್ಷಗಳಿಗೊಮ್ಮೆ ಬರುತ್ತಾನೆ, ಮಾಲೀಕರ ಬೀಗದ ಕೈ ಅವರ ಅಂಗಡಿಯ ಮೊಳೆಗೆ ವರ್ಷವಿಡೀ ನೇತಾಡುತ್ತಿರುತ್ತದೆ. ಇದ್ದ ಮನೆಯಲ್ಲೇ ಬಾಡಿಗೆ ಇಳಿಸಿಕೊಳ್ಳಬೇಕೆನ್ನುವವರು ಬ್ರೋಕರ್‌ಗೆ ಹಣ ಕೊಡುವುದು ವ್ಯರ್ಥ. ಅಲ್ಲಿ ನಾವೇ ಕುಳಿತು ಮಾತನಾಡಬೇಕು.

ಊರಿನಿಂದ ತಂದೆತಾಯಿ ನಮ್ಮೊಡನೆ ಇರಲು ಬರುವವರಿದ್ದರು. ಅಮ್ಮನಿಗೆ ಮೊಣಕಾಲು ನೋವು, ಮೂರು ಮಹಡಿ ಹತ್ತುವುದು ಆಗದ ಮಾತು. ಹಾಗಾಗಿ ಮನೆ ಬದಲಾಯಿಸುವುದೇ ಸರಿ ಎಂದು ತೀರ್ಮಾನಿಸಿದೆವು. ನಡುವೆ ಒಂದು ಆ್ಯಪ್‌ನ ಹಣ ಕೊಡುವ ಯೋಜನೆಯನ್ನೂ ಪ್ರಯತ್ನಿಸಿದೆ. ಸುಮಾರು ನಾಲ್ಕು ಸಾವಿರ ಕಟ್ಟಿದರೆ ಚೌಕಾಸಿಯನ್ನೂ ತಾವೇ ಮಾಡಿಕೊಡುತ್ತೇವೆ ಎಂದು ಅವರು ಹೇಳಿದ್ದರು. ಕಾಲ್ ಸೆಂಟರ್‌ನ ಹುಡುಗ ಮಾಲೀಕರನ್ನು ಲೈನಿಗೆ ತೆಗೆದುಕೊಂಡು, “ಸ್ವಲ್ಪ ಕಡಿಮೆ ಮಾಡ್ತೀರಾ” ಎಂದು ಹಿಂದಿಯಲ್ಲಿ ಕೇಳಿದ. ಅತ್ತ ಕಡೆಯ ಹಿರಿಯ ಹೆಂಗಸು ಫೋನ್ ಇಟ್ಟುಬಿಟ್ಟರು. ಅವನು ಆ ಬೀದಿಯನ್ನು ಕಂಡವನಲ್ಲ, ಆ ಮನೆ ಎಷ್ಟು ದಿನದಿಂದ ಖಾಲಿ ಇದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಆ ಬಗ್ಗೆ ಇನ್ನೇನೂ ಹೇಳುವುದಕ್ಕಿಲ್ಲ.

ಮತ್ತೆ ಹಳೆಯ ಬ್ರೋಕರ್ ಬಳಿಗೇ ಹೋದಾಗ ಮೊದಲು ಇತ್ಯರ್ಥವಾಗಬೇಕಿದ್ದುದು ಅವರ ಶುಲ್ಕ. ಬೆಂಗಳೂರಿನ ರೂಢಿಯಂತೆ ಬ್ರೋಕರೇಜ್ ಎಂದರೆ ಒಂದು ತಿಂಗಳ ಬಾಡಿಗೆ, ಅನೇಕರು ಮಾಲೀಕರಿಂದಲೂ ಪಡೆಯುತ್ತಾರೆ. ಈ ಲೆಕ್ಕದಲ್ಲೇ ಒಂದು ದೋಷವಿದೆ. ಬಾಡಿಗೆ ಹೆಚ್ಚಾದಷ್ಟೂ ಬ್ರೋಕರ್‌ಗೆ ಬರುವ ಹಣ ಹೆಚ್ಚು, ನಮಗಾಗಿ ಸಾವಿರ ರೂಪಾಯಿ ಇಳಿಸಿದರೆ ಅವರ ಕೈಯಿಂದಲೂ ಸಾವಿರ ಹೋಗುತ್ತದೆ. ಇದನ್ನು ಅವರಿಗೇ ಬಿಡಿಸಿ ಹೇಳಿ, ಬೇರೊಂದು ಲೆಕ್ಕ ಮುಂದಿಟ್ಟೆ: ಮಾಲೀಕರು ಮೊದಲು ಹೇಳಿದ ಬಾಡಿಗೆಯ ಅರ್ಧವನ್ನು ಖಚಿತ ಶುಲ್ಕವಾಗಿ ಕೊಡುತ್ತೇನೆ, ಅದರಿಂದ ಇಳಿಸಿದ ಪ್ರತಿ ಸಾವಿರಕ್ಕೆ ಎರಡು ಸಾವಿರ ಮೇಲೆ ಕೊಡುತ್ತೇನೆ. ಒಪ್ಪಲು ಅವರಿಗೆ ಎರಡು ದಿನ ಬೇಕಾಯಿತು. ಒಪ್ಪಿದ ಮೇಲೆ ಅವರು ಮನೆ ತೋರಿಸುವ ರೀತಿಯೇ ಬದಲಾಯಿತು ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಮೊದಲು “ಒಳ್ಳೆ ಮನೆ ಸಾರ್, ಬಿಟ್ಟರೆ ಹೋಗಿಬಿಡುತ್ತೆ” ಎನ್ನುತ್ತಿದ್ದವರು, “ಇದು ಬೇಡ, ಓನರ್ ನೂರು ರೂಪಾಯಿಯೂ ಬಿಡಲ್ಲ, ಮನೆ ಖಾಲಿಯಾಗಿ ನಾಲ್ಕೇ ದಿನ” ಎಂದು ತಾವೇ ಹೇಳತೊಡಗಿದರು.

ಖಾಲಿ ಬಿದ್ದ ದಿನಗಳ ಲೆಕ್ಕವೇ ಚೌಕಾಸಿಗೆ ಆಧಾರ ಎಂಬುದನ್ನು ನಾನು ಅವರಿಂದ ಕಲಿತೆ. ನಾವು ಕೊನೆಗೆ ಪಡೆದ ಶ್ರೀನಗರದ ಮನೆ ಮೊದಲನೆಯ ಮಹಡಿಯಲ್ಲಿದೆ. ಎರಡು ಕೋಣೆ, ಕಾವೇರಿ ನೀರು, ಬೋರ್‌ವೆಲ್, ಬೇರೆಯೇ ವಿದ್ಯುತ್ ಮೀಟರ್. ಕೆಳಗೆ ನಿವೃತ್ತ ದಂಪತಿ, ಅವರೇ ಮಾಲೀಕರು. ಮನೆ ನೋಡಲು ಹೋದಾಗ ಮೆಟ್ಟಿಲ ಬಳಿಯ ಮೀಟರ್ ಪೆಟ್ಟಿಗೆಯ ಸಂದಿಯಲ್ಲಿ ಬೆಸ್ಕಾಂ ಬಿಲ್ ಸಿಕ್ಕಿಸಿತ್ತು. ಬ್ರೋಕರ್ ಅದನ್ನು ಬಿಡಿಸಿ ಹಿಡಿದು ನನಗೆ ತೋರಿಸಿದರು: ಆ ತಿಂಗಳ ಬಳಕೆ ಮೂರು ಯೂನಿಟ್. ಬಣ್ಣ ಬಳಿಯುವವರು ದೀಪ ಹಾಕಿದ್ದಷ್ಟೇ. ಏಪ್ರಿಲ್ ಕೊನೆಗೆ ಖಾಲಿಯಾದ ಮನೆ, ಮೇ ಪೂರ್ತಿ ಹಾಗೆಯೇ ಕಳೆದಿದೆ, ಜೂನ್ ಕೂಡ ಮುಕ್ಕಾಲು ಮುಗಿದಿದೆ. ಶಾಲೆಗಳು ಶುರುವಾಗುವ ಮುನ್ನ ಮನೆ ಹುಡುಕುವವರ ಭರಾಟೆ ಅಷ್ಟರಲ್ಲಿ ತಗ್ಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆಷಾಢ ಹತ್ತಿರವಾಗಿತ್ತು.

ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಬಾರದು ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಎಂಬುದು ಎಲ್ಲರಿಗೂ ಗೊತ್ತು. ಬಾಡಿಗೆ ಮನೆಗೂ ಅದನ್ನು ಪಾಲಿಸುವವರು ಅನೇಕರು. ಧನುರ್ಮಾಸದಲ್ಲೂ ಹಾಗೆಯೇ. ಈ ತಿಂಗಳುಗಳಲ್ಲಿ ಟು ಲೆಟ್ ಬೋರ್ಡು ನೋಡಿ ಗೇಟು ತಟ್ಟುವವರು ಕಡಿಮೆಯಾಗುತ್ತಾರೆ. ಜ್ಯೇಷ್ಠದ ಕೊನೆಯ ದಿನಗಳಲ್ಲಿ ಮನೆ ಇನ್ನೂ ಖಾಲಿ ಇದ್ದರೆ, ಇನ್ನೊಂದು ತಿಂಗಳು ಹೀಗೆಯೇ ಇರಬಹುದು ಎಂಬ ಚಿಂತೆ ಮಾಲೀಕರಿಗೆ ಬಂದೇ ಬರುತ್ತದೆ. ಬಾಡಿಗೆ ಇಳಿಸುವ ಮಾತನ್ನು ಆಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವಾರವಿಲ್ಲ.

ಮಾತುಕತೆ ನಡೆದದ್ದು ಕೆಳಗಿನ ಮನೆಯ ಹಾಲ್‌ನಲ್ಲಿ. ಅಮ್ಮನವರು ಕಾಫಿ ತಂದಿಟ್ಟು, ಎಷ್ಟು ಜನ ಇರುತ್ತೀರಿ, ಬಟ್ಟೆ ಒಗೆಯಲು ಮೆಷಿನ್ ಇದೆಯೇ, ನೆಂಟರು ಬಂದು ಹೋಗುವುದು ಹೆಚ್ಚೇ ಎಂದು ವಿಚಾರಿಸಿದರು. ಎಲ್ಲ ಪ್ರಶ್ನೆಗಳೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತಿದ್ದವು. ಯಜಮಾನರು ಬಾಡಿಗೆಯನ್ನು ಸಮರ್ಥಿಸಿದ್ದೂ ಅದೇ ದಾರಿಯಲ್ಲಿ: ಏಪ್ರಿಲ್‌ನಿಂದ ಜಲಮಂಡಳಿ ನೀರಿನ ದರ ಏರಿಸಿದೆ, ಕಸಕ್ಕೂ ಶುಲ್ಕ ಬಂದಿದೆ, 28,000ಕ್ಕಿಂತ ಕಡಿಮೆಗೆ ಕೊಟ್ಟರೆ ನಮಗೇನೂ ಉಳಿಯುವುದಿಲ್ಲ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬ್ರೋಕರ್ ವಾದಕ್ಕೆ ಇಳಿಯಲಿಲ್ಲ. ನೀರಿಗೆ ತಿಂಗಳಿಗೆ 600 ರೂಪಾಯಿ ಬೇರೆಯೇ ಕೊಡುತ್ತಾರೆ, ಅದನ್ನು ಬಾಡಿಗೆಯಲ್ಲಿ ಸೇರಿಸುವುದು ಬೇಡ ಎಂದರು. ನನಗೆ ಆ ಕ್ಷಣ ಇದು ಹೆಚ್ಚುವರಿ ಹೊರೆ ಎನ್ನಿಸಿತ್ತು. ಹೊರಗೆ ಬಂದ ಮೇಲೆ ಅವರು ಬಿಡಿಸಿ ಹೇಳಿದರು: ಪ್ರತಿ ವರ್ಷದ ಏರಿಕೆ ಲೆಕ್ಕವಾಗುವುದು ಬಾಡಿಗೆಯ ಮೇಲೆ, ನೀರಿನ ಹಣ ಅದರೊಳಗೆ ಸೇರಿದರೆ ಅದರ ಮೇಲೂ ಶೇಕಡಾವಾರು ಏರುತ್ತಾ ಹೋಗುತ್ತದೆ.

ಹಾಲ್‌ನಲ್ಲಿ ನೀರಿನ ಮಾತು ಮುಗಿದ ಮೇಲೆ ಬ್ರೋಕರ್ ಟೀಪಾಯಿಯ ಮೇಲಿದ್ದ ಲಗ್ನಪತ್ರಿಕೆಯೊಂದರ ಲಕೋಟೆಯನ್ನು ಎಳೆದುಕೊಂಡು, ಅದರ ಹಿಂಬದಿಯಲ್ಲಿ ಪೆನ್ನಿನಿಂದ ಬರೆಯುತ್ತಾ ಹೇಳಿದರು: “ಯಜಮಾನ್ರೇ, ಎರಡು ತಿಂಗಳು ಖಾಲಿ ಹೋಯ್ತು, ಐವತ್ತಾರು ಸಾವಿರ. ಅದು ಹೋಯ್ತು, ಬಿಡಿ. ಆಷಾಢ ಬಂತು ಅಂದ್ರೆ ಜುಲೈ ಕೂಡ ಹೋಗುತ್ತೆ, ಇಪ್ಪತ್ತೆಂಟು ಸಾವಿರ. ಇವರಿಗೆ ಎರಡೂವರೆ ಸಾವಿರ ಇಳಿಸಿದ್ರೆ ಹನ್ನೊಂದು ತಿಂಗಳಿಗೆ ಇಪ್ಪತ್ತೇಳೂವರೆ. ಒಂದು ತಿಂಗಳು ಬೀಗ ಹಾಕಿದ್ದಕ್ಕಿಂತ ಇದೇ ಕಡಿಮೆ.” ಲಕೋಟೆಯನ್ನು ತಿರುಗಿಸಿ ಅವರ ಮುಂದಿಟ್ಟು ಸುಮ್ಮನಾದರು. ಆ ಮೌನವೂ ಅವರ ಕಸುಬಿನ ಭಾಗವೇ ಇರಬೇಕು. ನಾನು ಏನೋ ಹೇಳಲು ಹೊರಟಾಗ ಮೊಣಕೈಯಿಂದ ಮೆಲ್ಲಗೆ ತಟ್ಟಿ ತಡೆದರು. ಯಜಮಾನರು ಕನ್ನಡಕ ಹಾಕಿಕೊಂಡು ಲೆಕ್ಕವನ್ನು ಎರಡು ಸಲ ನೋಡಿ, ಹೆಂಡತಿಯ ಮುಖ ನೋಡಿದರು. “ಆಷಾಢದಲ್ಲಿ ಹಾಲುಕ್ಕಿಸೋ ಹಾಗಿಲ್ಲ, ಅದೊಂದು ನೋಡ್ಕೊಳ್ಳಿ” ಎಂದರು ಅಮ್ಮನವರು. ಜ್ಯೇಷ್ಠ ಮುಗಿಯುವುದರೊಳಗೆ ಒಂದು ಬೆಳಗ್ಗೆ ಬಂದು ದೀಪ ಹಚ್ಚಿ ಹಾಲು ಉಕ್ಕಿಸುವುದು, ಸಾಮಾನು ಆಮೇಲೆ ತರುವುದು, ಬಾಡಿಗೆ ಜುಲೈ 1ರಿಂದ ಎಂದು ಅಲ್ಲೇ ಗೊತ್ತಾಯಿತು.

ಅಡ್ವಾನ್ಸ್ ಇಳಿದ ಬಗೆ ಬೇರೆ. ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಬೆಂಗಳೂರಿನ ಹಳೆಯ ರೂಢಿ. ಐದಾರು ತಿಂಗಳಿಗೆ ಒಪ್ಪುವವರೂ ಈಗ ಸಿಗುತ್ತಾರೆ. ಎಷ್ಟೋ ಮಾಲೀಕರು ಹಳೆಯ ಬಾಡಿಗೆದಾರರ ಅಡ್ವಾನ್ಸನ್ನು ಹಿಂದಿರುಗಿಸುವುದೇ ಹೊಸಬರು ಕೊಡುವ ಅಡ್ವಾನ್ಸ್‌ನಿಂದ. ಈ ಮನೆಯ ಹಿಂದಿನವರಿಗೆ ಇನ್ನೂ ಒಂದೂವರೆ ಲಕ್ಷ ಸಲ್ಲಬೇಕಿತ್ತು ಮತ್ತು ಅವರು ಬ್ರೋಕರ್‌ಗೇ ಪದೇ ಪದೇ ಫೋನ್ ಮಾಡುತ್ತಿದ್ದರು. “ಎರಡೂವರೆ ಅಂದ್ರೆ ಇವರು ಹೊಂದಿಸೋಕೆ ತಿಂಗಳಾಗುತ್ತೆ, ಒಂದೂವರೆ ಆದ್ರೆ ಈಗಲೇ ಹಾಕ್ತಾರೆ” ಎಂದು ಬ್ರೋಕರ್ ಹೇಳಿದ ಹತ್ತು ನಿಮಿಷದಲ್ಲಿ ಆ ಮಾತೂ ಮುಗಿಯಿತು. ಹಣ ಬ್ಯಾಂಕಿನಿಂದಲೇ ಹೋಯಿತು, ರಸೀದಿಯೂ ಬಂತು.

ಇಲ್ಲಿ ನನ್ನನ್ನು ಕಾಡಿದ ಒಂದು ಸಂಗತಿಯನ್ನು ಹೇಳಲೇಬೇಕು. ಮಾಲೀಕರ ಈ ಇಕ್ಕಟ್ಟನ್ನು ಬ್ರೋಕರ್ ನನಗೆ ಮುಂಚೆಯೇ ತಿಳಿಸಿದ್ದರು, ಅದರಿಂದ ನನಗೆ ಲಾಭವೂ ಆಯಿತು. ಆದರೆ ಮಾತಿನ ನಡುವೆ ಯಜಮಾನರು, “ನಿಮ್ಮ ಹಳೇ ಮನೆ ಜೂನ್ ಮೂವತ್ತಕ್ಕೆ ಬಿಡಬೇಕಂತಲ್ಲ” ಎಂದಾಗ ನನಗೆ ದಿಗಿಲಾಯಿತು. ಅದನ್ನು ನಾನು ಬ್ರೋಕರ್‌ಗೆ ಮಾತ್ರ ಹೇಳಿದ್ದೆ. ನಮ್ಮ ಗಡುವು ಮಾಲೀಕರಿಗೆ ಗೊತ್ತಾಗಿದ್ದರಿಂದಲೇ ಇರಬೇಕು, 25,000 ಎಂದು ನಾನು ಕೊನೆಗೆ ಕೇಳಿದಾಗ ಅವರು ಆ ಐನೂರನ್ನು ಬಿಡಲಿಲ್ಲ. ಎರಡೂ ಕಡೆಯಿಂದ ಹಣ ಪಡೆಯುವವರು ಎರಡೂ ಕಡೆಯ ಗುಟ್ಟನ್ನು ಹೊತ್ತು ತಿರುಗುತ್ತಾರೆ, ಮಾತು ಕುದುರಲು ಯಾವುದು ಬೇಕೋ ಅದನ್ನು ಹೊರಗೆ ಹಾಕುತ್ತಾರೆ. ಮಾಲೀಕರ ಕಿವಿಗೆ ಬೀಳಬಾರದ್ದನ್ನು ಬ್ರೋಕರ್‌ಗೂ ಹೇಳಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಕಾನೂನಿನ ಬಲದಿಂದ ಬಾಡಿಗೆ ಇಳಿಸಬಹುದೇ ಎಂದು ಮೊದಲು ನಾನೂ ಹುಡುಕಿದ್ದೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಇದೆ, ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಯ ಹೊರಗಿವೆ. ಅಂದರೆ ಇಂದು ನಮ್ಮಂಥವರು ಹುಡುಕುವ ಯಾವ ಮನೆಗೂ ಅದು ಒದಗುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎಂದಿದೆ, ಆದರೆ ರಾಜ್ಯವೊಂದು ಅದನ್ನು ತನ್ನ ಕಾಯ್ದೆಯಾಗಿ ತರದೆ ಅದು ಅಲ್ಲಿ ಜಾರಿಗೆ ಬರುವುದಿಲ್ಲ. ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಇರುವುದು ಮಾರಾಟದ ವ್ಯವಹಾರ ಮಾಡುವ ಏಜೆಂಟರಿಗೆ. ಬಾಡಿಗೆ ಮನೆ ತೋರಿಸುವವರಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಮಾತಿನಲ್ಲಿ ಗೆದ್ದದ್ದೆಲ್ಲ ಉಳಿಯುವುದು ಕರಾರು ಪತ್ರದಲ್ಲಿ ಬರೆದಿದ್ದರೆ ಮಾತ್ರ.

ಈ ಸೇವೆ ನನ್ನನ್ನು ಹೆಚ್ಚು ನಿರಾಶೆಗೊಳಿಸಿದ್ದು ಅಲ್ಲಿಯೇ. ಕರಾರನ್ನು ಬ್ರೋಕರ್ ತಮಗೆ ಗೊತ್ತಿರುವ ಟೈಪಿಂಗ್ ಅಂಗಡಿಯಲ್ಲಿ ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ ತಂದರು. ಎಂದಿನಂತೆ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗೇಣಿ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕಾದ್ದರಿಂದ ಬಂದ ವಾಡಿಕೆ ಇದು. ಬಾಡಿಗೆ, ಅಡ್ವಾನ್ಸ್ ಸರಿಯಾಗಿಯೇ ಇದ್ದವು. ಆದರೆ ವಾರ್ಷಿಕ ಏರಿಕೆ ಶೇ. 5 ಎಂದು ಮಾತಾಗಿದ್ದರೂ ಶೇ. 10 ಎಂದಿತ್ತು. ಮನೆ ಬಿಡುವಾಗ ಬಣ್ಣದ ಖರ್ಚಿನ ನಿಜವಾದ ಬಿಲ್ಲನ್ನು ಮಾತ್ರ, ಅದೂ 15,000 ಮೀರದಂತೆ, ಅಡ್ವಾನ್ಸ್‌ನಿಂದ ಹಿಡಿದುಕೊಳ್ಳುವುದು ಎಂದು ಒಪ್ಪಂದವಾಗಿತ್ತು. ಪತ್ರದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಚಾರ್ಜ್ ಆಗಿ ಮುರಿದುಕೊಳ್ಳುವುದು ಎಂದಿತ್ತು. ಎರಡು ತಿಂಗಳ ನೋಟಿಸ್ ಮೂರು ತಿಂಗಳಾಗಿತ್ತು. ಯಾರದೋ ಹಳೆಯ ಕರಾರಿನಲ್ಲಿ ಹೆಸರು, ವಿಳಾಸ, ಮೊತ್ತಗಳನ್ನಷ್ಟೇ ಬದಲಾಯಿಸಿದ್ದರು. ನಾನು ಎತ್ತಿ ತೋರಿಸಿದಾಗ, “ಎಲ್ಲಾ ಅಗ್ರಿಮೆಂಟೂ ಹಿಂಗೇ ಇರುತ್ತೆ ಸಾರ್, ಓನರ್ ಒಳ್ಳೆಯವರು” ಎಂದು ಬ್ರೋಕರ್ ಬೇಸರಪಟ್ಟುಕೊಂಡರು. ಮಾಲೀಕರು ಒಳ್ಳೆಯವರೇ, ಮೂರೂ ತಿದ್ದುಪಡಿಗಳಿಗೆ ತಕರಾರಿಲ್ಲದೆ ಒಪ್ಪಿದರು. ಆದರೆ ಅವರ ಒಳ್ಳೆಯತನವನ್ನು ನೆಚ್ಚಿಕೊಂಡು ಸಹಿ ಹಾಕಿದ್ದರೆ, ಮುಂದೆ ಲೆಕ್ಕ ಕೇಳುವವರು ಅವರ ಮಕ್ಕಳಾಗಿದ್ದರೆ, ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಹೊಸ ಕಾಗದದ ಮೇಲೆ ಮತ್ತೆ ಟೈಪ್ ಮಾಡಿಸಿದೆವು, ಆ ಖರ್ಚು ನನ್ನದೇ ಆಯಿತು.

ಬರವಣಿಗೆಯಲ್ಲಿ ಬಾರದ ಒಂದು ಮಾತು ಹಾಗೆಯೇ ಕಳೆದುಹೋಯಿತು. ಕಿಟಕಿಗಳಿಗೆ ಸೊಳ್ಳೆ ಪರದೆಯನ್ನು ಮಾಲೀಕರೇ ಹಾಕಿಸಿಕೊಡುತ್ತಾರೆ ಎಂದು ಬ್ರೋಕರ್ ಹೇಳಿದ್ದರು. ಅಂಥ ಮಾತೇ ಬಂದಿಲ್ಲ ಎಂದರು ಯಜಮಾನರು. ಶುಲ್ಕ ಸಂದಾಯವಾದ ಮೇಲೆ ಬ್ರೋಕರ್ ನನ್ನ ಮೂರು ಕರೆಗಳಿಗೂ ಉತ್ತರಿಸಲಿಲ್ಲ. 4,200 ರೂಪಾಯಿ ಕೊಟ್ಟು ನಾನೇ ಹಾಕಿಸಿಕೊಂಡೆ.

ಹಣದ ಲೆಕ್ಕ ಹೀಗಿದೆ. ಅವರಿಗೆ ನಾನು ಕೊಟ್ಟದ್ದು 14,000 ಮತ್ತು ಇಳಿಸಿದ ಎರಡೂವರೆ ಸಾವಿರಕ್ಕೆ 5,000, ಒಟ್ಟು 19,000. ರೂಢಿಯ ಬ್ರೋಕರೇಜ್ ಆಗಿದ್ದರೆ 25,500 ಆಗುತ್ತಿತ್ತು. ಹನ್ನೊಂದು ತಿಂಗಳಲ್ಲಿ ಬಾಡಿಗೆಯಿಂದ ಉಳಿಯುವ 27,500ರಲ್ಲಿ ಬಹುತೇಕ ಎಲ್ಲವನ್ನೂ ಅದೇ ನುಂಗಿಬಿಡುತ್ತಿತ್ತು. ಈಗ ಮೊದಲ ಅವಧಿಯಲ್ಲಿ ಕೈಯಲ್ಲಿ ಉಳಿಯುವುದು 8,500, ಸೊಳ್ಳೆ ಪರದೆಯನ್ನು ಕಳೆದರೆ 4,300. ಅಡ್ವಾನ್ಸ್‌ನಲ್ಲಿ ಉಳಿದ ಒಂದು ಲಕ್ಷವನ್ನು ಬ್ಯಾಂಕಿನಲ್ಲಿ ಇಟ್ಟರೆ ಶೇ. 6.5ರಂತೆ ವರ್ಷಕ್ಕೆ 6,500. ದೊಡ್ಡ ಲಾಭ ಕಾಣಿಸುವುದು ಎರಡನೆಯ ಅವಧಿಯಿಂದ: ಶೇ. 5ರ ಏರಿಕೆಯಾದರೆ ಬಾಡಿಗೆ 26,775, ಶೇ. 10 ಆಗಿದ್ದರೆ 28,050. ಹನ್ನೊಂದು ತಿಂಗಳಿಗೆ ವ್ಯತ್ಯಾಸ 14,025. ಎರಡು ಮೂರು ವರ್ಷ ನಿಲ್ಲುವ ಯೋಚನೆ ಇರುವವರು ಮೊದಲ ದಿನದ ಬಾಡಿಗೆಗಾಗಿ ಎಷ್ಟು ಹಟ ಹಿಡಿಯುತ್ತಾರೋ ಅಷ್ಟೇ ಹಟವನ್ನು ಏರಿಕೆಯ ಶೇಕಡಾವಾರಿಗೂ ಬಣ್ಣದ ಷರತ್ತಿಗೂ ಹಿಡಿಯಬೇಕು ಎಂದು ನಾನು ಹೇಳುವುದು ಈ ಲೆಕ್ಕದಿಂದಲೇ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಬೀದಿ ಬೀದಿಯ ಮನೆಗಳ ಬಗ್ಗೆ ಅವರಿಗಿರುವ ತಿಳಿವಳಿಕೆಗೆ, ಹಿರಿಯರ ಮನಸ್ಸು ನೋಯದಂತೆ ಲೆಕ್ಕವನ್ನು ಅವರ ಮುಂದಿಡುವ ಜಾಣ್ಮೆಗೆ ಪೂರ್ತಿ ಅಂಕ ಸಲ್ಲಬೇಕು. ಕಳೆದದ್ದು ಕರಾರು ಪತ್ರದ ಅಸಡ್ಡೆಗೆ, ನನ್ನ ಗಡುವನ್ನು ಹೊರಗೆಡವಿದ್ದಕ್ಕೆ ಮತ್ತು ಹಣ ಕೈಸೇರಿದ ಮೇಲೆ ಫೋನ್ ಎತ್ತದೆ ಇದ್ದುದಕ್ಕೆ. ಹೊಸ ಬಡಾವಣೆಗೆ ಹೋಗುವವರು, ಮೇ ತಿಂಗಳ ಭರಾಟೆ ಮುಗಿದ ಮೇಲೆ ಮನೆ ಹುಡುಕುವಷ್ಟು ಅವಕಾಶ ಇರುವವರು ಇಂಥ ಸೇವೆಯನ್ನು ಧೈರ್ಯವಾಗಿ ಪಡೆಯಬಹುದು. ಶುಲ್ಕದ ಲೆಕ್ಕವನ್ನು ಮಾತ್ರ ಮನೆ ನೋಡುವ ಮೊದಲೇ ಬರೆದುಕೊಳ್ಳಿ, ಕರಾರಿನ ಕರಡನ್ನು ಸ್ಟಾಂಪ್ ಕಾಗದಕ್ಕೆ ಹೋಗುವ ಮುನ್ನ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಓದಿ. ನಮ್ಮ ಕರಾರು 2026ರ ಮೇ 31ಕ್ಕೆ ಮುಗಿಯುತ್ತದೆ. ಆ ನವೀಕರಣಕ್ಕೆ ನಾನು ಬ್ರೋಕರ್ ಬಳಿ ಹೋಗುವುದಿಲ್ಲ, ಕೆಳಗಿನ ಮನೆಯ ಹಾಲ್‌ನಲ್ಲಿ ನಾನೇ ಕೂರುತ್ತೇನೆ.